ತಿರುಗಿ ಕೂತ ಗಡಿಕಲ್ಲು

ಹನ್ನೊಂದನೆಯ ದಿನದ ಊಟ ಮುಗಿಸಿ ನೆಂಟರ ಕೊನೆಯ ಬಂಡಿ ಹಿಂದಿನ ಸಂಜೆ ಕುಷ್ಟಗಿಯ ದಾರಿ ಹಿಡಿದಿತ್ತು. ಬೆಳಗ್ಗೆ ಕಳಕಮ್ಮನನ್ನು ಎಬ್ಬಿಸಿದ್ದು ಅತ್ತೆ ಶಂಕ್ರಮ್ಮ ರೊಟ್ಟಿ ಬಡಿಯುವ ಸದ್ದು. ಅಷ್ಟು ದಿನ ಈ ಮನೆಯಲ್ಲಿ ಓಣಿಯವರು ಅಡಿಗೆ ಮಾಡಿದ್ದರು. ಈಗ ಎಂದಿನ ಕೈ, ಎಂದಿನ ತಾಳ. ಅವಳು ಮಲಗಿದಲ್ಲೇ ಎಣಿಸಿದಳು. ಸದ್ದು ಎಂಟು ರೊಟ್ಟಿಗೆ ನಿಂತಿತು. ಗಂಡ ಮನೆಗೆ ಬರುತ್ತಿದ್ದ ಶುಕ್ರವಾರಗಳಲ್ಲಿ ಹನ್ನೊಂದು ಆಗುತ್ತಿದ್ದವು.

ಅವಳಿಗೆ ಅಳು ಬರಲಿಲ್ಲ. ಹನ್ನೊಂದು ದಿನವೂ ಬಂದಿರಲಿಲ್ಲ. ಓಣಿಯ ಹೆಂಗಸರು ಅದನ್ನು ಹೈದರಾಬಾದಿನ ಓದಿನ ಮೇಲೆ ಹಾಕಿ ಸುಮ್ಮನಾಗಿದ್ದರು. ಉಸ್ಮಾನಿಯಾದಲ್ಲಿ ಬಿ.ಎ. ಮಾಡಿದ ಸೊಸೆ ಸುತ್ತ ಹತ್ತು ಊರಲ್ಲಿ ಇನ್ನೊಬ್ಬಳಿರಲಿಲ್ಲವಾದ್ದರಿಂದ, ಅಂಥವರು ಹೇಗೆ ಅಳುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವಳೊಳಗೆ ಎಚ್ಚರವಾಗಿ ಉಳಿದದ್ದು ಒಂದೇ, ಗಂಗಾವತಿಯ ಡಾಕ್ಟರು ಕೇಳಿದ ಪ್ರಶ್ನೆ. ಗಂಡ ದೇವೇಂದ್ರಪ್ಪನ ದವಡೆ ಬಿಗಿದು ಬೆನ್ನು ಬಿಲ್ಲಾಗಿದ್ದಾಗ, ಡಾಕ್ಟರು ಅವನ ಬಲಗೈ ಬಿಡಿಸಿ, ಹೆಬ್ಬೆರಳ ಬುಡದಲ್ಲಿ ಒಣಗಿದ ಗಾಯ ನೋಡಿ, "ಧನುರ್ವಾಯು. ಗಾಯಕ್ಕೆ ಮಣ್ಣು ಸೇರಿದೆ. ಯಾವ ಮಣ್ಣಿನ ಕೆಲಸ ಮಾಡಿದಿರಿ?" ಎಂದಿದ್ದರು. ಅವನು ತಹಸೀಲ ಕಚೇರಿಯ ಗುಮಾಸ್ತ. ಅವನ ಕೈಗೆ ಅಂಟುತ್ತಿದ್ದದ್ದು ಶಾಯಿ. ಗಾಯವಾದ ದಿನ "ಚಿಲಕ ತಾಗಿತು" ಎಂದಷ್ಟೇ ಮನೆಯಲ್ಲಿ ಹೇಳಿದ್ದ. ಡಾಕ್ಟರಿಗೆ ಉತ್ತರ ಹೇಳಲು ಅವನ ಬಾಯಿ ತೆರೆಯಲಿಲ್ಲ.

ಹೊತ್ತು ಏರುವ ಮುಂಚೆ ವಾಲಿಕಾರ ಆದೆಪ್ಪ ಕಚೇರಿಯ ಕಾಗದ ತಂದು ಕಟ್ಟೆಯ ಮೇಲಿಟ್ಟು ಹೋದ. ಮಾವ ಗವಿಸಿದ್ದಪ್ಪ ಅದನ್ನು ತಿರುಗಿಸಿ ನೋಡಿದ. ಉರ್ದು. ಆ ಮನೆಯಲ್ಲಿ ಉರ್ದು ಓದುವವರು ಇಬ್ಬರಿದ್ದರು.

"ಕಳಕವ್ವ, ಇದನ್ನೀಟು ಓದಿ ಹೇಳು."

ಅವಳು ಓದಿದಳು. "ಫರ್ವರ್ದಿ ತಿಂಗಳ ಹದಿನೈದಕ್ಕ ಕಂದಾಯದ ಗಿರ್ದಾವರ ಸಾಹೇಬ್ರು ಹೊಲಕ್ಕ ಬರ್ತಾರಂತರಿ ಮಾವಾರ. ಇವತ್ತಿಗೆ ನಾಕ ದಿನ. ಸರಕಾರಿ ಗಡಿಕಲ್ಲು ಕಿತ್ತು ಜಾಗ ಬದಲಿ ಮಾಡಿದ್ದಕ್ಕ ತಪಾಸ. ಅರ್ಜಿ ಕೊಟ್ಟವ್ರು ನೀವು. ಆರೋಪಿ ಓಬಳೆಪ್ಪ."

"ಸಾಬೀತಾದ್ರ?"

"ಜುರ್ಮಾನೆ. ಕಟ್ಟದಿದ್ರ ಹೊಲ ಜಪ್ತಿ."

"ಕಟ್ಟಾಕ ಅವನ ಹತ್ರ ಏನೈತಿ," ಎಂದ ಗವಿಸಿದ್ದಪ್ಪ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಮಗನ ಮಣ್ಣು ಮಾಡಿ ಬಂದ ಮೇಲೆ ಅವನ ಎಲ್ಲ ಮಾತೂ ಹಾಗೇ ಇದ್ದವು. "ನೀನೂ ಬಾ ಅವತ್ತು. ಗಿರ್ದಾವರ ಏನು ಬರಕೋತಾನ ನೋಡು. ಅಂವ ಇದ್ದಿದ್ರ ಅಂವನ ನೋಡತಿದ್ದ."

ವಿಷಯ ಇಷ್ಟೇ. ಮರಳಿ ಎಂಬ ಹಳ್ಳಿಯಿಂದ ಹರದಾರಿ ದೂರದ ಅವರ ಊರಿನಲ್ಲಿ ಗವಿಸಿದ್ದಪ್ಪನ ಕಪ್ಪು ಮಣ್ಣಿನ ಎರಿ ಹೊಲಕ್ಕೂ ಓಬಳೆಪ್ಪನ ಎರಡು ಎಕರೆಗೂ ನಡುವೆ ಒಂದು ಗಡಿಕಲ್ಲು. ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ, ಕಳೆದು ಎರಡು ವಾರವಾದ ಮೇಲೆ ಗವಿಸಿದ್ದಪ್ಪ ಜೋಳದ ತೆನೆ ನೋಡಲು ಹೋದಾಗ ಕಲ್ಲು ಮೂರು ಮಾರು ಅವನ ಹೊಲದೊಳಕ್ಕೆ ಸರಿದಿತ್ತು. ಅವನು ಬಿತ್ತಿದ ಜೋಳ ಮೂರು ಮಾರಿನಷ್ಟು ಕಲ್ಲಿನ ಆಚೆ, ಓಬಳೆಪ್ಪನ ಪಾಲಿಗೆ ನಿಂತಿತ್ತು. ಅವತ್ತೇ ಅರ್ಜಿ ಬರೆಸಿದ. ಅದು ಕಚೇರಿಗೆ ಮುಟ್ಟಿದ ದಿನ ಮಗನ ದವಡೆ ಬಿಗಿದಿತ್ತು.

ಕಾಗದ ಮಡಿಸುತ್ತ ಕಳಕಮ್ಮನಿಗೆ ಒಂದು ಸಣ್ಣ ಸಂಶಯ ಬಂತು. ಹೊಲ ಕದಿಯುವವನು ಬಿತ್ತುವ ಮುಂಚೆ ಕಲ್ಲು ಕೀಳುತ್ತಾನೆ. ಇನ್ನೊಬ್ಬರ ಜೋಳ ಎದೆಯುದ್ದ ನಿಂತಾಗ, ಕಣ್ಣಿದ್ದವರಿಗೆಲ್ಲ ಕಾಣುವ ಹಾಗೆ, ಯಾಕೆ ಕಿತ್ತಾನು? ಹನ್ನೊಂದು ದಿನದ ಮೇಲೆ ಅವಳ ತಲೆ ಮೊದಲ ಸಲ ಸಾವಿನದಲ್ಲದ ವಿಚಾರವೊಂದನ್ನು ಹಿಡಿದಿತ್ತು. ಅದನ್ನು ಬಿಡಬಾರದೆನಿಸಿತು.

ಮಧ್ಯಾಹ್ನ ಹಿತ್ತಲಲ್ಲಿ ಓಬಳೆಪ್ಪನ ಹೆಂಡತಿ ಹೊಳಿಯಮ್ಮ ಬುಟ್ಟಿ ಇಟ್ಟುಕೊಂಡು ಸೆಗಣಿ ತುಂಬುತ್ತಿದ್ದಳು. ಕಳಕಮ್ಮನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ನಾ ಮಾತಾಡಾಕ ಬಂದಿಲ್ಲರಿ ಅಕ್ಕಾರ. ಸೆಗಣಿ ಒಯ್ಯಾಕ ಬಂದೀನಿ. ಮಾತಾಡಿದ್ರ ನಿಮ್ಮ ಮಾವನವ್ರು ಅದಕ್ಕೊಂದು ಅರ್ಜಿ ಕೊಟ್ಟಾರು."

"ಓಬಳೆಪ್ಪ ಕಲ್ಲು ಕಿತ್ತಾನೇನು?"

"ಕಿತ್ತಿದ್ರ ನೆಟ್ಟಗರ ನೆಡತಿದ್ದ. ನೀವು ನೋಡಿಲ್ಲೇನು ಅದನ್ನ? ತಿರುಗಿ ಕುಂತೈತಿ. ನಾ ಬಳದ ಸುಣ್ಣ ನಿಮ್ಮ ಜ್ವಾಳ ನೋಡಾಕತ್ತೈತಿ. ನೀವು ಬಳದದ್ದು ನನ್ನ ಮಾರಿ ನೋಡಾಕತ್ತೈತಿ. ಹೊಲಕ್ಕ ಹ್ವಾದಾಗೊಮ್ಮೆ ನಿಮ್ಮ ಮನಿ ಮೂರು ಗೆರಿ ನನ್ನ ದಿಟ್ಟಿಸಿ ನೋಡತಾವ. ನೋಟೀಸಿಗಿಂತ ನನಗ ಅದ ತ್ರಾಸ ನೋಡ್ರಿ."

ಆ ಊರಿನಲ್ಲಿ ಎಳ್ಳಮಾಸಿಯ ದಿನ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋದ ಹೆಂಗಸರು ಗಡಿಕಲ್ಲಿಗೂ ಪೂಜೆ ಮಾಡುತ್ತಿದ್ದರು. ಕಲ್ಲು ಒಂದು, ಮನೆ ಎರಡು. ಅವರವರ ಹೊಲದ ಕಡೆಯ ಮುಖಕ್ಕೆ ಅವರವರು ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನಲ್ಲಿ ತಮ್ಮ ಮನೆಯ ಗುರುತು ಬರೆಯುವರು. ಗವಿಸಿದ್ದಪ್ಪನ ಮನೆಯದು ಮೂರು ಅಡ್ಡಗೆರೆ; ಓಬಳೆಪ್ಪನ ಮನೆಯದು ಐದು ಚುಕ್ಕಿ. ಮದುವೆಯಾಗಿ ಬಂದ ಮೇಲೆ ಎರಡು ವರ್ಷ ಆ ಮೂರು ಗೆರೆ ಎಳೆದವಳು ಕಳಕಮ್ಮನೇ. ಗಂಡಸರು ಆ ಹೊತ್ತಿಗೆ ಬೇವಿನ ನೆರಳಲ್ಲಿ ಕಡುಬು ತಿನ್ನುತ್ತಿರುತ್ತಿದ್ದರು. ಕಲ್ಲಿಗೆ ಮುಖವಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

"ನನ್ನ ಗಂಡಗ ಎರಡು ವರ್ಷಾತು ಸೊಂಟ ಹಿಡದು," ಎಂದಳು ಹೊಳಿಯಮ್ಮ. "ಅಂವ ಕಲ್ಲು ಕೀಳಬೇಕಂದ್ರ ನಾ ಜೋಡಿ ಇರಬೇಕು. ನಾ ಇದ್ದು ಮಾರಿ ತಪ್ಪಿಸಿ ನೆಡಗೊಡತಿದ್ನೇನು?"

"ಇದನ್ನ ಗಿರ್ದಾವರ ಸಾಹೇಬ್ರಿಗೆ ಹೇಳು."

"ಹೆಂಗಸ್ರ ಸುಣ್ಣದ ಮಾತು ಯಾವ ಕಾಗದದಾಗ ಬರಕೋತಾರರಿ." ಅವಳು ಬುಟ್ಟಿ ತಲೆಗೇರಿಸಿಕೊಂಡಳು. "ಹೊಲ ಹ್ವಾದ್ರ ಹೋಗ್ಲಿ ಅನ್ನಾಕ ಬರೂದಿಲ್ಲ ನಮಗ. ಇರೂದು ಅದೊಂದ."

ಮರುದಿನ ಕೊಯ್ಲಿನವರಿಗೆ ಮಜ್ಜಿಗೆ ಒಯ್ಯುತ್ತೇನೆಂದು ಕಳಕಮ್ಮ ಅತ್ತೆಗೆ ಹೇಳಿದಳು. ಶಂಕ್ರಮ್ಮ ಅವಳನ್ನು ಒಂದು ಗಳಿಗೆ ನೋಡಿ, "ಹೋಗಿ ಬಾ. ಬಿಸಲು ಬೀಳ್ಲಿ ಮೈಮ್ಯಾಲ," ಎಂದು ಗಡಿಗೆ ಕೊಟ್ಟಳು.

ಹೊಳಿಯಮ್ಮ ಹೊಲದಲ್ಲಿದ್ದಳು. ಹೇಮಗುಡ್ಡದ ಕಡೆಯಿಂದ ಒಣಗಾಳಿ ಬೀಸಿ ಜೋಳದ ಗರಿ ಸದ್ದು ಮಾಡುತ್ತಿದ್ದವು. ಕಲ್ಲು ಮೊಣಕಾಲುದ್ದ ಮೇಲಕ್ಕಿತ್ತು. ಮೂರು ಗೆರೆ ಓಬಳೆಪ್ಪನ ಹೊಲ ನೋಡುತ್ತಿದ್ದವು, ಐದು ಚುಕ್ಕಿ ಗವಿಸಿದ್ದಪ್ಪನದನ್ನು. ಕಳಕಮ್ಮ ಕುಡಗೋಲಿನ ತುದಿಯಿಂದ ಕಲ್ಲಿನ ಸುತ್ತ ಮಣ್ಣು ಕೆದಕಿದಳು. ಕಪ್ಪು ಮಣ್ಣಿನಲ್ಲಿ ಬಿಳಿ ಚಕ್ಕೆ. ಇನ್ನೂ ಕೆದಕಿದಳು. ಗೇಣು ಆಳದಲ್ಲೂ ಬಿಳಿ ಚಕ್ಕೆ. ಪ್ರತಿವರ್ಷ ಬಳಿದ ಸುಣ್ಣ ಬಿಸಿಲಿಗೆ ಉದುರಿ, ಬೇಸಗೆಯಲ್ಲಿ ಎರಿ ಬಾಯಿಬಿಟ್ಟಾಗ ಬಿರುಕಿಗೆ ಇಳಿದದ್ದು.

ಅಲ್ಲಿಂದ ಮೂರು ಮಾರು ಅಳೆದು, ಮಾವ ಹೇಳುವ ಜಾಗಕ್ಕೆ ಹೋದಳು. ಬಿದ್ದ ತಗ್ಗನ್ನು ಯಾರೋ ಮುಚ್ಚಿ ತುಳಿದಿದ್ದರು. ಅದರ ಅಂಚಿನಲ್ಲಿ ಕೆದಕಿದಳು. ಮೇಲೆ ಮೇಲೆ ನಾಲ್ಕು ಚಕ್ಕೆ, ಕೆಳಗೆ ಬರೀ ಕಪ್ಪು ಮಣ್ಣು.

"ಇಲ್ಲಿ ಕಲ್ಲು ಎಷ್ಟು ವರ್ಷ ಇತ್ತು?"

ಹೊಳಿಯಮ್ಮ ಅತ್ತಿತ್ತ ನೋಡಿದಳು. "ಕೇಳಿದ್ರಿ ಅಂತ ಹೇಳತೀನಿ. ಮೂರು ಬ್ಯಾಸಗಿ ಹಿಂದ ನಾವು ಹೊಸಪೇಟಿ ಕಡೆ ಕಬ್ಬಿನ ಕೆಲಸಕ್ಕ ಹ್ವಾಗಿದ್ವಿ. ತಿರುಗಿ ಬರೂದ್ರಾಗ ಕಲ್ಲು ನಮ್ಮ ಹೊಲದಾಗ ಬಂದು ಕುಂತಿತ್ತು. ಕೇಳಿದ್ವಿ. 'ಕಲ್ಲು ಎಲ್ಲೈತೋ ಹದ್ದು ಅಲ್ಲೇ, ಗಡಿ ಅಲ್ಲೇ' ಅಂದ್ರು ನಿಮ್ಮ ಮಾವನವ್ರು. ಆಮ್ಯಾಲೆ ನಾ ಅಲ್ಲೇ ಸುಣ್ಣ ಬಳದೆ. ಮೂರು ಸಲ."

ಹಾಗಾದರೆ ಕಲ್ಲು ಈಗ ತನ್ನ ಹಳೆಯ ಜಾಗಕ್ಕೆ ಬಂದಿದೆ. ಯಾರೋ ಅದನ್ನು ಕದ್ದಿಲ್ಲ, ತಿರುಗಿ ಇಟ್ಟಿದ್ದಾರೆ. ಇಟ್ಟವನಿಗೆ ಜಾಗ ಸರಿಯಾಗಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಕಳಕಮ್ಮ ಕುಡಗೋಲು ಹಿಡಿದು ಹಾಗೇ ಕೂತಳು. ಜಾಗ ಹೇಗೆ ಗೊತ್ತಾಯಿತು? ಹೊಲ ಅಳೆಯುವ ಪೈಮಾಶಿಯವರು ಕಲ್ಲು ನೆಡುವ ಮುಂಚೆ ತಗ್ಗಿನಲ್ಲಿ ಇದ್ದಿಲು ಸುರಿಯುತ್ತಾರೆ. ಕಲ್ಲು ಹೋದರೂ ಇದ್ದಿಲು ಕೊಳೆಯದೆ ಇರುತ್ತದೆ. ಇದನ್ನು ಅವಳಿಗೆ ಯಾರು ಹೇಳಿದ್ದರೆಂದು ನೆನಪಾಯಿತು. ಮದುವೆಯ ಹೊಸದರಲ್ಲಿ, ಕಚೇರಿಯ ಕತೆಗಳನ್ನು ಹೇಳುವಾಗ, ದೇವೇಂದ್ರಪ್ಪ ಹೇಳಿದ್ದ.

ಕಲ್ಲಿನ ಪಕ್ಕದ ಗಟ್ಟಿ ಮಣ್ಣಿನಲ್ಲಿ ಒಂದು ಕಿಂಡಿ ಉಳಿದಿತ್ತು. ದುಂಡಗಿಲ್ಲ, ಚೌಕ.

"ಚೌಕ ಹಾರಿ ಬಡದದ್ದು," ಎಂದಳು ಹೊಳಿಯಮ್ಮ ಬಗ್ಗಿ ನೋಡಿ. "ಇಷ್ಟು ದಪ್ಪಂದು ಊರಾಗ ಒಂದ ಐತಿ. ಜುಬೇದಾಬೀದು."

ಜುಬೇದಾಬೀಯ ಗಂಡ ಬಾವಿ ತೋಡುತ್ತಿದ್ದವನು. ಅವನು ಸತ್ತ ಮೇಲೆ ಆ ಹಾರೆ ಅವಳಿಗೆ ಹೊಟ್ಟೆಗೆ ಹಾಕುತ್ತಿತ್ತು. ಕಲ್ಲು ಏಳಿಸುವವರು, ಕಂಬ ನೆಡುವವರು ದಿನಕ್ಕೊಂದು ಸೇರು ಜೋಳ ಕೊಟ್ಟು ಒಯ್ಯುತ್ತಿದ್ದರು. ಕಳಕಮ್ಮ ಹೋದಾಗ ಅವಳು ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಹಾರಿ ಐತೇನು ಅಮ್ಮಾ?"

"ಮನಿಯಾಗಿಲ್ಲ ನಮ್ಮವ್ವ."

"ಯಾರು ಒಯ್ದಾರ?"

"ಕೊಡತಾರ ಬಿಡು."

"ಒಯ್ದು ಎಷ್ಟು ದಿನ ಆತು?"

"ಎಳ್ಳಮಾಸಿ ಆಗಿ ಎರಡ್ನೇ ಜುಮ್ಮಾ. ಅದರ ಹಿಂದಿನ ಸಂಜಿ." ಅಂದವಳು ಮೆಣಸಿನಕಾಯಿ ಕೆಳಗಿಟ್ಟಳು. ಹೇಳಬಾರದಾಗಿತ್ತು ಎಂಬಂತೆ ಬೆರಳು ಒರೆಸಿಕೊಂಡಳು.

ಕಚೇರಿಗೆ ಶುಕ್ರವಾರ ರಜೆ. ಗುರುವಾರ ಸಂಜೆ ಗಂಗಾವತಿಯಿಂದ ನಡೆದು ಬರುವವನು ಊರಲ್ಲಿ ಒಬ್ಬನೇ ಇದ್ದ.

"ನಮ್ಮವ್ರೇನು?" ಎಂದಳು ಕಳಕಮ್ಮ.

"ನಾ ಕೇಳಾಕ ಬರತಿದ್ದಿಲ್ಲವ್ವ. ಮಣ್ಣು ಕೊಟ್ಟ ಮನಿಗೆ ಬಂದು ಹಾರಿ ಕೇಳಲೇನು? ಒಂದು ದಿನಕ್ಕಂತ ಒಯ್ದ್ರು. 'ಏನ್ರಿ, ಕಚೇರಿ ಬಿಟ್ಟು ಭಾವಿ ತೋಡತೀರೇನು' ಅಂದೆ. ನಕ್ಕರು. 'ತೋಡೂದಲ್ಲಮ್ಮ, ತುಂಬೂದು' ಅಂದ್ರು. ನನಗೇನು ತಿಳೀಲಿಲ್ಲ. ಓದಿದವ್ರ ಮಾತಂತ ಬಿಟ್ಟೆ."

ಮನೆಗೆ ಬರುವ ದಾರಿಯಲ್ಲಿ ಕಳಕಮ್ಮನಿಗೆ ಆ ಶುಕ್ರವಾರ ತುಂಡು ತುಂಡಾಗಿ ಹಿಂದಿರುಗಿತು. ಮಂಜು ಇರುವಾಗಲೇ ಚರಿಗೆ ಹಿಡಿದು ಹೊರಗೆ ಹೋದವನು ಹೊತ್ತು ಏರಿದ ಮೇಲೆ ಬಂದ. "ಹೊಳಿಗೇ ಹ್ವಾಗಿದ್ರೇನು" ಎಂದು ಅವಳು ಚೇಷ್ಟೆ ಮಾಡಿದ್ದಳು. ಎಂದೂ ಇಲ್ಲದೆ ತನ್ನ ಧೋತರ ತಾನೇ ಒಗೆದು ಹಾಕಿದ. ಊಟಕ್ಕೆ ಕೂತಾಗ ಎಡಗೈಯಿಂದ ರೊಟ್ಟಿ ಮುರಿದ. "ಚಿಲಕ ತಾಗಿತು."

ಅವನ ಪೆಟ್ಟಿಗೆಯಲ್ಲಿ ಭೂಕಂದಾಯದ ಮಾಲಗುಜಾರಿ ಕಾನೂನಿನ ಪುಸ್ತಕವಿತ್ತು. ಗಡಿಯ ನಿಶಾನೆಗಳ ಅಧ್ಯಾಯವನ್ನು ಅವಳು ಎರಡು ಸಲ ಓದಿದಳು. ಕಾನೂನಿಗೆ ಕಲ್ಲು ಮುಟ್ಟಿದ ಕೈ ಬೇಕಾಗಿತ್ತು, ಕೈ ಯಾಕೆ ಮುಟ್ಟಿತು ಎಂಬುದಲ್ಲ. ಅರ್ಜಿ ಕೊಟ್ಟು ಸರಿಪಡಿಸಬಹುದಿತ್ತು. ಹಾಗೆ ಮಾಡಿದರೆ ಮಗನ ಕಚೇರಿಯಲ್ಲಿ ಅಪ್ಪ ಆರೋಪಿ. ಅದಕ್ಕೇ ದೇವೇಂದ್ರಪ್ಪ ಸದ್ದಿಲ್ಲದೆ ಕಲ್ಲನ್ನು ಅದರ ಹಳೆಯ ಜಾಗಕ್ಕೆ ಮುಟ್ಟಿಸಿದ್ದ. ಅದಕ್ಕೆ ಇನ್ನೊಬ್ಬನ ತಲೆ ಹೋಗುತ್ತದೆಂದು ತಿಳಿಯುವ ಮುಂಚೆ ಅವನ ಬಾಯಿ ಮುಚ್ಚಿತ್ತು.

ಹಾರೆ ಹಿತ್ತಲಲ್ಲಿ ಜೋಳದ ಒಣದಂಟಿನ, ಕಣಕಿಯ ಬಣವೆಯಲ್ಲಿ ಸಿಕ್ಕಿತು. ಒಳಕ್ಕೆ ತೋಳುದ್ದ ತುರುಕಿದ್ದ. ಹೊರಗೆಳೆದಾಗ ತುದಿಯಲ್ಲಿ ಎರಿ ಮಣ್ಣು ಒಣಗಿ ಅಂಟಿತ್ತು. ಅದು ಯಾವ ಮಣ್ಣು ಎಂದು ಡಾಕ್ಟರಿಗೆ ಈಗ ಹೇಳಬಹುದಾಗಿತ್ತು.

ಸಂಜೆ ಅವಳು ಮಾವನಿಗೆ ನೀರು ಕೊಡುತ್ತ ಕೇಳಿದಳು. "ಮಾವಾರ, ಕಲ್ಲು ಮೊದಲಿಂದ ಎಲ್ಲಿತ್ತರಿ?"

"ನನ್ನ ಜ್ವಾಳ ಎಲ್ಲೀತನಕ ಐತೋ ಅಲ್ಲಿ." ತಂಬಿಗೆ ಎತ್ತಿ ಕುಡಿದ. ಅವಳ ಕಡೆ ನೋಡಲಿಲ್ಲ.

ಅವಳು ಖಾಲಿ ತಂಬಿಗೆ ಒಳಗೆ ಒಯ್ದಳು. ಹದಿನೈದರ ಬೆಳಗ್ಗೆ ಬಂಡಿಯಲ್ಲಿ ಗೋಣಿಚೀಲದ ಅಡಿಗೆ ಹಾರೆ ಇಟ್ಟು, ಅದರ ಮೇಲೆ ತಾನು ಕೂತಳು.

ಗಿರ್ದಾವರ ಕುದುರೆಯ ಮೇಲೆ ಬಂದ. ದಣಿದ, ನಡುವಯಸ್ಸಿನ ಮನುಷ್ಯ. ಅವತ್ತೇ ಇನ್ನೆರಡು ಊರು ಮುಗಿಸಬೇಕಾಗಿತ್ತು. ಪಂಚರಿಬ್ಬರನ್ನು ಬದುವಿನ ಮೇಲೆ ಕೂಡಿಸಿ, ಜೋಳದ ಸಾಲು ನೋಡಿ, ಕಲ್ಲು ನೋಡಿ ತಲೆಯಾಡಿಸಿದ. ಬೇಲಿಯ ಹತ್ತಿರ ಅರ್ಧ ಊರು ನಿಂತಿತ್ತು. ಜುಬೇದಾಬೀಯೂ ಇದ್ದಳು.

"ಬೆಳಿ ಅಲ್ಲೀತನಕ, ಕಲ್ಲು ಇಲ್ಲಿ," ಎಂದ ಗಿರ್ದಾವರ. "ಕಲ್ಲು ಸರದ್ರ ಫಾಯದಾ ಯಾರಿಗಪ್ಪ?"

"ನನಗರಿ," ಎಂದ ಓಬಳೆಪ್ಪ ಸೊಂಟ ಹಿಡಿದುಕೊಂಡು. "ಆದ್ರ ನಾ ಸರಿಸಿಲ್ಲ. ಗವಿಸಿದ್ದಪ್ಪಗೌಡ್ರು ನನಗ ಮೂರು ವರ್ಷದ ಹಿಂದ ಹೇಳಿದ್ದನ್ನ ಇವತ್ತು ಅವರಿಗೆ ಹೇಳತೀನಿ. ಕಲ್ಲು ಎಲ್ಲೈತೋ ಹದ್ದು ಅಲ್ಲೇ."

ಬೇಲಿಯ ಕಡೆ ಯಾರೋ ನಕ್ಕರು. ಗವಿಸಿದ್ದಪ್ಪ ನಗಲಿಲ್ಲ.

"ಹದ್ದು ಸರಕಾರದ್ದು, ಕಲ್ಲೂ ಸರಕಾರದ್ದು," ಎಂದ ಗಿರ್ದಾವರ. "ತಪ್ಪು ಜಾಗಕ್ಕ ಇಟ್ರೂ ಗುನ್ಹೆ, ಸರಿ ಜಾಗಕ್ಕ ಇಟ್ರೂ ಗುನ್ಹೆ. ಕೇಳದ ಮುಟ್ಟಬಾರದು." ಸರಸರನೆ ಉರ್ದುವಿನಲ್ಲಿ ಪಂಚನಾಮೆ ಬರೆದು ಓಬಳೆಪ್ಪನ ಕಡೆ ಮಸಿಯ ಡಬ್ಬಿ ಸರಿಸಿದ. "ಹೆಬ್ಬಟ್ಟು ಒತ್ತು."

ಓಬಳೆಪ್ಪ ಕೈ ಚಾಚಿದ. ಕಳಕಮ್ಮ ಬದು ದಾಟಿ ಬಂದು ಕಾಗದದ ಮೇಲೆ ಬಗ್ಗಿದಳು.

"ಒತ್ತಬ್ಯಾಡ," ಎಂದಳು. ಆಮೇಲೆ ಗಿರ್ದಾವರನಿಗೆ ಉರ್ದುವಿನಲ್ಲಿ ಒಂದು ಮಾತು ಹೇಳಿ, ಅದನ್ನೇ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು. "ಕಲ್ಲು ತಾನೇ ಕಿತ್ತೀನಂತ ಒಪ್ಪಿಕೊಂಡಾನ, ಹಂಗಂತ ಬರದೈತಿ. ಅಂವ ಒಪ್ಪಿಲ್ಲ. ಇಲ್ಲಿ ನಿಂತವ್ರೆಲ್ಲ ಕೇಳ್ಯಾರ."

ಗಿರ್ದಾವರ ಲೇಖನಿಯ ಟಾಕಿನ ಮೊನೆ ಒರೆಸಿಕೊಂಡ. "ನೀವು ಯಾರು ಬಾಯಿ?"

"ನಿಮ್ಮ ಕಚೇರಿ ದೇವೇಂದ್ರಪ್ಪನವರ ಮನಿಯಾಕಿ."

ಅವನು ಎದ್ದು ನಿಂತ. ದೇವೇಂದ್ರಪ್ಪನ ಅಕ್ಷರ ಅವನಿಗೆ ಗೊತ್ತಿತ್ತು. ಮಣ್ಣಿಗೆ ಬರಲಾಗಲಿಲ್ಲ ಎಂದು ಮೆಲ್ಲಗೆ ಏನೋ ಅಂದ. ಆಮೇಲೆ ಕೇಳಿದ, "ಅಂವ ಕಿತ್ತಿಲ್ಲಂದ್ರ ಮತ್ತ ಯಾರು?"

"ಮೊದಲು ಬುಡಕ್ಕ ಅಗಿಸ್ರಿ. ಇದ್ದಿಲು ಸಿಕ್ರ ಇದ ಖರೇ ಜಾಗ. ಆಮ್ಯಾಲೆ ಹೇಳತೀನಿ."

ಆದೆಪ್ಪ ಸಲಿಕೆ ಹಾಕಿದ. ಮಾಘದ ಎರಿ, ಸಲಿಕೆ ಟಣ್ ಎಂದು ಹಿಂದಕ್ಕೆ ಹಾರಿತು. "ಹಾರಿ ಇಲ್ಲದ ಆಗೂದಿಲ್ಲರಿ," ಎಂದ. ಎಲ್ಲರೂ ಜುಬೇದಾಬೀಯ ಕಡೆ ತಿರುಗಿದರು.

"ಹಾರಿ ಕೊಟ್ಟೀನಿ," ಎಂದಳು ಅವಳು.

"ಯಾರಿಗೆ?" ಎಂದ ಗಿರ್ದಾವರ.

"ನೆನಪಿಲ್ಲರಿ ಸಾಹೇಬ್ರ."

ಈಗ ಊರೇ ನಕ್ಕಿತು. ಹತ್ತು ವರ್ಷದ ಹಿಂದೆ ಯಾರು ಯಾವ ದಿನ ಹಾರೆ ಒಯ್ದಿದ್ದರೆಂದು ತಾರೀಖು ಹೇಳುವವಳು ಜುಬೇದಾಬೀ. "ಮುದುಕಿಗೆ ಇವತ್ತ ಮರವು ಬಂತು ನೋಡು," ಎಂದ ಆದೆಪ್ಪ. ಅವಳು ಯಾರ ಕಡೆಗೂ ನೋಡದೆ ನಿಂತಿದ್ದಳು.

ಕಳಕಮ್ಮ ಬಂಡಿಗೆ ಹೋಗಿ ಚೀಲ ಸರಿಸಿ ಹಾರೆ ಎಳೆದಳು. ಎರಡೂ ಕೈಗೆ ಭಾರ. ಒಂದು ತುದಿ ನೆಲಕ್ಕೆ ಗೀಚುತ್ತ ತಂದು ಕಲ್ಲಿನ ಹತ್ತಿರ ಹಾಕಿದಳು. ನಗು ನಿಂತಿತು.

"ನಮ್ಮ ಮನಿ ಬಣವಿಯಾಗಿತ್ತು. ಎಳ್ಳಮಾಸಿ ಆಗಿ ಎರಡ್ನೇ ಶುಕ್ರವಾರ ನಮ್ಮವ್ರು ಈ ಕಲ್ಲು ಅಲ್ಲಿಂದ ಕಿತ್ತು ಇಲ್ಲಿ ನೆಟ್ಟಾರ. ಬರಕೋರಿ."

ಗವಿಸಿದ್ದಪ್ಪ ಹಾರೆಯನ್ನೇ ನೋಡುತ್ತಿದ್ದ. "ಅವನ ಕೈಗೆ ಚಿಲಕ ತಾಗಿತ್ತು," ಎಂದ.

"ಚಿಲಕಕ್ಕ ಮಣ್ಣು ಇರೂದಿಲ್ಲರಿ ಮಾವಾರ."

ಅವನು ಬದುವಿನ ಮೇಲೆ ಕೂತುಬಿಟ್ಟ. ತುಟಿ ಅಲುಗಾಡಿದವು, ಆ ಗಾಯದಿಂದ ಸಾವಿನತನಕ ದಿನ ಎಣಿಸುತ್ತಿದ್ದನೇನೋ. ಆದೆಪ್ಪ ಹಾರೆ ಎತ್ತಿ ಅದೇ ಚೌಕ ಕಿಂಡಿಯಲ್ಲಿ ಬಡಿದ. ಕಲ್ಲು ಸಡಿಲಾಗಿ ವಾಲಿತು. ಇನ್ನೂ ಒಂದು ಮೊಳ ಅಗೆದಾಗ ಕಪ್ಪು ಮಣ್ಣಿನಲ್ಲಿ ಅದಕ್ಕಿಂತ ಕಪ್ಪಾದ ಚೂರುಗಳು ಮಿಂಚಿದವು. ಗಿರ್ದಾವರ ಒಂದನ್ನು ಎತ್ತಿ ಪಂಚನಾಮೆಯ ಅಂಚಿಗೆ ತಿಕ್ಕಿದ. ಇದ್ದಿಲಿನ ಗೆರೆ ಬಿತ್ತು.

ಅವನು ಓಬಳೆಪ್ಪನ ಹೆಸರಿದ್ದ ಸಾಲುಗಳನ್ನು ಹೊಡೆದು ಹಾಕಿದ. "ಮುಟ್ಟಿದವರು ತೀರಿಕೊಂಡಾರ. ಜುರ್ಮಾನೆ ಯಾರಿಗೂ ಇಲ್ಲ. ಕಲ್ಲು ಇಲ್ಲೇ ಇರತದ." ಆಮೇಲೆ ಕಾಗದದಿಂದ ತಲೆ ಎತ್ತಿದ. "ಆದ್ರ ಮೊದಲು ಇಲ್ಲಿಂದ ಅಲ್ಲಿಗೆ ಒಯ್ದವ್ರು ಯಾರು?"

ಕಳಕಮ್ಮ ಮಾವನ ಕಡೆ ತಿರುಗಿದಳು.

"ಅರ್ಜಿ ವಾಪಸ್ ತಗೋತೀನಿ," ಎಂದ ಗವಿಸಿದ್ದಪ್ಪ ನೆಲ ನೋಡುತ್ತ.

"ಅರ್ಜಿ ತಗೋರಿ. ನಾ ಕೇಳಿದ್ದು ಹಂಗ ಉಳೀತು. ಬರೋ ವಾರ ಕಚೇರಿಗೆ ಬಂದು ಹೇಳ್ರಿ."

"ಬರತೀನಿ." ಬದುವಿಗೆ ಕೈ ಊರಿ ಎದ್ದು ಮತ್ತೊಮ್ಮೆ ಅಂದ, "ಬಂದು ಹೇಳತೀನಿ."

ಆದೆಪ್ಪ ಕಲ್ಲನ್ನು ಮತ್ತೆ ತಗ್ಗಿಗೆ ಇಳಿಸುವಾಗ ಹೊಳಿಯಮ್ಮ ಜೋಳದ ಸಾಲಿನಿಂದ ಈಚೆ ಬಂದಳು. "ತಮ್ಮಾ, ತಿರುಗಿಸೋ. ನನ್ನ ಮಾರಿ ನನ್ನ ಕಡೆ ಬರಲಿ." ಏನು ಮಾರಿ ಎಂದು ಅವನಿಗೆ ಅರ್ಥವಾಗಲಿಲ್ಲ. ಅವಳೂ ಕಳಕಮ್ಮನೂ ಒಂದೊಂದು ಕಡೆ ಕೈ ಹಚ್ಚಿ ತೋರಿಸಿದ ಮೇಲೆ ತಿರುಗಿಸಿ ನೆಟ್ಟ.

ಜನ ಕರಗಿದರು. ಹಾರೆ ಬದುವಿನ ಮೇಲೆ ಬಿದ್ದಿತ್ತು. ಕಳಕಮ್ಮ ಜೋಳದ ಗರಿಯಿಂದ ಅದರ ತುದಿಯ ಮಣ್ಣು ಒರೆಸಿ, ಎರಡೂ ಕೈಯಿಂದ ಎತ್ತಿ ಜುಬೇದಾಬೀಗೆ ಕೊಟ್ಟಳು. ಬಿಸಿಲಿಗೆ ಕಬ್ಬಿಣ ಕಾದಿತ್ತು.

"ಒಂದು ದಿನಕ್ಕಂತ ತಂದಿದ್ರು," ಎಂದಳು. "ತಡ ಆತು ಅಮ್ಮಾ."

ಜುಬೇದಾಬೀ ಹಾರೆಯ ಮೊನೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಅದನ್ನು ಹೆಗಲಿಗೇರಿಸಿಕೊಂಡಳು.